‘ಬಾಯಿಬಿಟ್ಟ ಆರೋಪಿ’: ತಪ್ಪೊಪ್ಪಿಗೆಯ ಮೂಲಕ ನಾಲ್ಕು ದೇಶಗಳ ನ್ಯಾಯಪದ್ಧತಿಯನ್ನು ಹೋಲಿಸುವ ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ ಮತ್ತು ವಿಜ್ಞಾನ, ಅಂತರ್‌ವಿಷಯ ಪಾಠ
ಅವಧಿ: 40 ನಿಮಿಷಗಳ ಮೂರು ತರಗತಿಗಳು
ಬೋಧನೋಪಕರಣಗಳು: ಕಪ್ಪುಹಲಗೆ, ಭೂಪಟ, ಚೀಟಿಗಳು, ಒಂದು ಕಟ್ಟು ಇಸ್ಪೀಟು

ಕೊಲೆ ಪ್ರಕರಣವೊಂದರ ಸುದ್ದಿಯಲ್ಲಿ ‘ಪೊಲೀಸರ ಮುಂದೆ ಬಾಯಿಬಿಟ್ಟ ಆರೋಪಿ’ ಎಂಬ ಸಾಲು ಬಂದರೆ ನಮ್ಮಲ್ಲಿ ಹೆಚ್ಚಿನವರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಶಿಕ್ಷೆ ಎಷ್ಟು ಎಂಬ ಪ್ರಶ್ನೆ ಮಾತ್ರ. ಒಂಬತ್ತನೆಯ ತರಗತಿಯ ಮಕ್ಕಳ ಪೂರ್ವಜ್ಞಾನವೂ ಇದೇ. ‘ಆರೋಪಿ’ ಮತ್ತು ‘ಅಪರಾಧಿ’ ಪದಗಳ ವ್ಯತ್ಯಾಸ ಕೇಳಿದರೆ ಪಠ್ಯಪುಸ್ತಕದ ಉತ್ತರವನ್ನು ಸರಿಯಾಗಿಯೇ ಹೇಳುತ್ತಾರೆ. ಮರುಕ್ಷಣ ‘ಪೊಲೀಸರ ಹತ್ತಿರ ಅವನೇ ಒಪ್ಪಿಕೊಂಡಿದ್ದಾನಲ್ಲ ಸರ್, ಇನ್ನೇನು ಕೋರ್ಟು?’ ಎನ್ನುತ್ತಾರೆ.

ಆದರೆ ಪೊಲೀಸರ ಮುಂದೆ ಆಡಿದ ಆ ಮಾತನ್ನು ನಮ್ಮ ದೇಶದ ನ್ಯಾಯಾಲಯ ಸಾಮಾನ್ಯವಾಗಿ ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಪರಿಗಣಿಸುವಂತೆಯೇ ಇಲ್ಲ. ಜಪಾನಿನಲ್ಲಿ ಪರಿಗಣಿಸಬಹುದು. ಇಂಗ್ಲೆಂಡಿನಲ್ಲಿ ವಿಚಾರಣೆಯ ಧ್ವನಿಮುದ್ರಣ ಬೇಕಾಗುತ್ತದೆ. ಅಮೆರಿಕದಲ್ಲಿ ‘ಸುಮ್ಮನಿರುವ ಹಕ್ಕು ನಿನಗಿದೆ’ ಎಂದು ಮೊದಲು ಹೇಳಿರಬೇಕು. ಒಂದೇ ಕೋಣೆ, ಒಂದೇ ಮೇಜು, ಎದುರುಬದುರು ಇಬ್ಬರು. ಆದರೂ ಅಲ್ಲಿ ಆಡಿದ ಮಾತಿಗೆ ನಾಲ್ಕು ದೇಶಗಳಲ್ಲಿ ನಾಲ್ಕು ಬೆಲೆ ಏಕೆ? ಮೂರು ಅವಧಿಗಳ ಪಾಠವನ್ನು ಈ ಒಂದು ಪ್ರಶ್ನೆಯ ಮೇಲೆ ಕಟ್ಟಿದೆ.

ಪಾಠ ಯೋಜನೆಗೆ ಮೊದಲು ನೋಡಿದ ಮಾದರಿಗಳಲ್ಲಿ ದೇಶಗಳ ಹೋಲಿಕೆ ಎಂದರೆ ಒಂದು ದೊಡ್ಡ ಪಟ್ಟಿ: ದೇಶ, ನ್ಯಾಯಾಲಯದ ಹೆಸರು, ಮರಣದಂಡನೆ ಇದೆಯೇ ಇಲ್ಲವೇ, ಜೈಲು ಹೇಗಿದೆ. ಇದರಿಂದ ಮಕ್ಕಳು ಕಲಿಯುವುದು ಕಡಿಮೆ. ನಾರ್ವೆಯ ಹಾಲ್ಡೆನ್ ಜೈಲಿನ ಚಿತ್ರ ತೋರಿಸಿದರೆ ‘ಹೋಟೆಲ್ ಥರ ಇದೆ’ ಎಂದು ನಕ್ಕು ಮುಂದಿನ ಚಿತ್ರ ಕೇಳುತ್ತಾರೆ. ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಅಭ್ಯಾಸವಾದ ಕ್ರಮ ಬೇರೆ. ಪ್ರಯೋಗದಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುತ್ತೇವೆ. ಇಲ್ಲಿ ಸ್ಥಿರವಾಗಿರುವುದು ಠಾಣೆಯಲ್ಲಿ ಆಡಿದ ಒಪ್ಪಿಗೆಯ ಮಾತು, ಬದಲಾಗುವುದು ದೇಶ.

ಮೊದಲ ಅವಧಿ: ಚೀಟಿಗಳು ಮತ್ತು ನಮ್ಮ ಕಾನೂನು

ಪ್ರೇರಣೆಗಾಗಿ ಹೆಸರು ಬರೆಯಬೇಕಿಲ್ಲದ ಚೀಟಿಗಳನ್ನು ಹಂಚಿ, ‘ಮಾಡದ ತಪ್ಪನ್ನು ನೀವು ಎಂದಾದರೂ ಒಪ್ಪಿಕೊಂಡಿದ್ದೀರಾ? ಏಕೆ?’ ಎಂದು ಕೇಳಿದೆ. ಹೆಚ್ಚಿನವರು ‘ಇಲ್ಲ’ ಎಂದೇ ಬರೆದಿದ್ದರು. ಕೆಲವು ಚೀಟಿಗಳು ಮಾತ್ರ ಇಡೀ ಪಾಠಕ್ಕೆ ಆಧಾರವಾದವು. ‘ತಮ್ಮನಿಗೆ ಹೊಡೆತ ಬೀಳಬಾರದು ಅಂತ.’ ‘ಒಪ್ಪಿಕೊಂಡರೆ ಬಿಡ್ತೀನಿ ಅಂದರು.’ ಇನ್ನೊಂದು: ‘ಯಾರು ಅಂತ ಹೇಳೋ ತನಕ ಯಾರನ್ನೂ ಮನೆಗೆ ಬಿಡಲ್ಲ ಅಂದರು. ಐದು ಗಂಟೆ ಬಸ್ಸು ತಪ್ಪಿದರೆ ನಮ್ಮೂರಿಗೆ ಬೇರೆ ಬಸ್ಸಿಲ್ಲ. ಅದಕ್ಕೆ ನಾನೇ ಅಂದೆ.’

ಈ ಮೂರನ್ನೂ ಹಲಗೆಯ ಎಡಬದಿಯಲ್ಲಿ ಬರೆದು ಮೂರು ದಿನವೂ ಅಳಿಸದೆ ಉಳಿಸಿಕೊಂಡೆ. ಬೇರೆಯವರನ್ನು ಉಳಿಸಲು, ಆಸೆ ತೋರಿಸಿದ್ದಕ್ಕೆ, ಸದ್ಯದ ಕಷ್ಟದಿಂದ ಪಾರಾಗಲು. ಸುಳ್ಳು ತಪ್ಪೊಪ್ಪಿಗೆಗಳ ಬಗ್ಗೆ ಮನಶ್ಶಾಸ್ತ್ರದ ಪುಸ್ತಕಗಳು ಹೇಳುವ ಮುಖ್ಯ ಕಾರಣಗಳಲ್ಲಿ ಈ ಮೂರೂ ಇವೆ. ನಾನು ವಿವರಿಸುವ ಮೊದಲೇ ಮಕ್ಕಳಿಗೆ ಅವು ಗೊತ್ತಿದ್ದವು. ಬಸ್ಸಿನ ಚೀಟಿಯಲ್ಲಿ ಯಾರೂ ಹೊಡೆದಿಲ್ಲ, ಕೇವಲ ಕಾಯಿಸಿದ್ದಾರೆ. ಈ ಅಂಶವನ್ನು ಒತ್ತಿ ಹೇಳಬೇಕು. ಏಕೆಂದರೆ ‘ಹೊಡೆಯದಿದ್ದರೆ ಯಾರು ತಾನೇ ಸುಳ್ಳು ಒಪ್ಪಿಕೊಳ್ಳುತ್ತಾರೆ?’ ಎಂಬುದು ದೊಡ್ಡವರಲ್ಲೂ ಇರುವ ನಂಬಿಕೆ.

ಆಮೇಲೆ ನಮ್ಮ ಕಾನೂನು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ನಿಯಮ 23ನೆಯ ಕಲಮಿನಲ್ಲಿದೆ. ಒಪ್ಪಿಕೊಳ್ಳಲೇಬೇಕೆಂದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಬೇಕು. ಅವರು ಮೊದಲು ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧ ಬಳಕೆಯಾಗಬಹುದು’ ಎಂದು ತಿಳಿಸಬೇಕು. ಸಂವಿಧಾನದ 20(3)ನೆಯ ವಿಧಿ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆನ್ನುತ್ತದೆ.

‘ಪೊಲೀಸರನ್ನೇ ನಂಬದ ಕಾನೂನು ಯಾರು ಮಾಡಿದರು?’ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ಉತ್ತರ ವಿಚಿತ್ರ. ಆ ಪೊಲೀಸರನ್ನು ನೇಮಿಸಿದ ಬ್ರಿಟಿಷ್ ಸರ್ಕಾರವೇ ಮಾಡಿತು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಚಿತ್ರಹಿಂಸೆ ನಡೆಯುತ್ತಿದೆಯೆಂಬ ದೂರುಗಳನ್ನು ತನಿಖೆ ಮಾಡಿದ ಆಯೋಗವೊಂದು 1855ರಲ್ಲಿ ವರದಿ ಕೊಟ್ಟಿತು. ನಮ್ಮ ಬಳ್ಳಾರಿಯೂ ಕನ್ನಡ ಕರಾವಳಿಯೂ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಅದರ ಬೆನ್ನಲ್ಲೇ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ನಿಷೇಧ ಬಂತು. ಹನ್ನೊಂದು ವರ್ಷಗಳ ನಂತರ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ ಸಾಕ್ಷ್ಯ ಅಧಿನಿಯಮ ಅದನ್ನು ಉಳಿಸಿಕೊಂಡಿತು. ಅದೇ ಕಾಲದ ಇಂಗ್ಲೆಂಡಿನಲ್ಲಿ ಇಷ್ಟು ಕಟ್ಟುನಿಟ್ಟಿನ ನಿಷೇಧ ಇರಲಿಲ್ಲ. ತನ್ನ ನೆಲದ ಪೊಲೀಸರ ಮೇಲೆ ಇದ್ದ ನಂಬಿಕೆ ಆ ಸರ್ಕಾರಕ್ಕೆ ಇಲ್ಲಿನ ಪೊಲೀಸರ ಮೇಲೆ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಾವು ನಿಯಮವನ್ನು ತೆಗೆಯಲಿಲ್ಲ. ತೆಗೆಯದೆ ಇದ್ದದ್ದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ.

ನಿಯಮಕ್ಕೊಂದು ಹಿಂಬಾಗಿಲಿದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ಆರೋಪಿಯ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ‘ಚಾಕುವನ್ನು ಬೇಲಿಯ ಮರೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂದದ್ದಕ್ಕೆ ಬೆಲೆಯಿದೆ, ‘ಅದರಿಂದಲೇ ಚುಚ್ಚಿದೆ’ ಎಂದದ್ದಕ್ಕಿಲ್ಲ. ಬಾಯಿ ಬಿಡಿಸುವ ಆಸೆ ಪೂರ್ತಿ ಹೋಗದಿರುವುದಕ್ಕೆ ಈ ಬಾಗಿಲೂ ಒಂದು ಕಾರಣ. ಸಂಘಟಿತ ಅಪರಾಧಗಳಿಗಾಗಿ ಮಾಡಿದ ವಿಶೇಷ ಕಾನೂನುಗಳು, ಕರ್ನಾಟಕದ 2000ದ ಕಾಯ್ದೆಯೂ ಸೇರಿದಂತೆ, ಹಿರಿಯ ಪೊಲೀಸ್ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಯನ್ನು ಷರತ್ತುಗಳೊಂದಿಗೆ ಒಪ್ಪುತ್ತವೆ. ನಮ್ಮ ರಾಜ್ಯದ ಹೆಸರಿನಲ್ಲೇ ಇರುವ ಇನ್ನೊಂದು ತೀರ್ಪು ವಿಜ್ಞಾನದ ತರಗತಿಗೂ ಒದಗುತ್ತದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ಉಪಕರಣವನ್ನು ಇಟ್ಟ ಮಾತ್ರಕ್ಕೆ ಬಲವಂತ ವಿಜ್ಞಾನವಾಗುವುದಿಲ್ಲ.

ಎರಡನೆಯ ಅವಧಿ: ಮಿಸೊ ತೊಟ್ಟಿಯ ಬಟ್ಟೆಗಳು

ಇಡೀ ಅವಧಿಯನ್ನು ಜಪಾನಿನ ಒಂದೇ ಪ್ರಕರಣಕ್ಕೆ ಕೊಟ್ಟೆ. ಪಾಠವನ್ನು ವೀಕ್ಷಿಸಿದ ಮಾರ್ಗದರ್ಶಕರು ಇದು ಹೆಚ್ಚಾಯಿತೇನೋ ಎಂದರು. ನನಗೆ ಹಾಗೆನಿಸಲಿಲ್ಲ, ಕಾರಣ ಓದಿದಾಗ ತಿಳಿಯುತ್ತದೆ.

1966ರ ಜೂನ್ ಕೊನೆಯಲ್ಲಿ ಶಿಜುವೊಕಾ ಪ್ರಾಂತ್ಯದಲ್ಲಿ ಮಿಸೊ ತಯಾರಿಸುವ ಕಂಪನಿಯ ಅಧಿಕಾರಿಯೊಬ್ಬರನ್ನೂ ಅವರ ಮನೆಯ ಮೂವರನ್ನೂ ಕೊಂದು ಮನೆಗೆ ಬೆಂಕಿಯಿಡಲಾಯಿತು. ಆಗಸ್ಟ್‌ನಲ್ಲಿ ಅದೇ ಕಂಪನಿಯ ನೌಕರ, ಹಿಂದೆ ಬಾಕ್ಸರ್ ಆಗಿದ್ದ ಇವಾವೊ ಹಕಮಾದ ಬಂಧಿತರಾದರು. ದಿನವೂ ಗಂಟೆಗಟ್ಟಲೆ, ಕೆಲವು ದಿನ ಹನ್ನೆರಡು ಗಂಟೆಗೂ ಮೀರಿ ವಿಚಾರಣೆ ನಡೆಯಿತು. ವಕೀಲರು ಪಕ್ಕದಲ್ಲಿರಲಿಲ್ಲ. ಸುಮಾರು ಇಪ್ಪತ್ತು ದಿನಗಳ ಹೊತ್ತಿಗೆ ಅವರು ಒಪ್ಪಿಕೊಂಡರು. ನ್ಯಾಯಾಲಯದಲ್ಲಿ ‘ನಾನು ಮಾಡಿಲ್ಲ’ ಎಂದರು. ಪೊಲೀಸರೂ ಪ್ರಾಸಿಕ್ಯೂಟರರೂ ಬರೆದುಕೊಂಡ 45 ಹೇಳಿಕೆಗಳಲ್ಲಿ 44ನ್ನು ನ್ಯಾಯಾಲಯವೇ ತಳ್ಳಿಹಾಕಿತು. ಉಳಿದ ಒಂದನ್ನು ಒಪ್ಪಿ, 1968ರಲ್ಲಿ ಮರಣದಂಡನೆ ವಿಧಿಸಿತು.

ಇಲ್ಲಿ ನಿಲ್ಲಿಸಿ ಮಕ್ಕಳಿಗೆ ಜಪಾನಿನ ಸಂವಿಧಾನದ 38ನೆಯ ವಿಧಿಯ ಸಾರಾಂಶ ಹೇಳಿದೆ. ಯಾರನ್ನೂ ತಮ್ಮ ವಿರುದ್ಧ ಹೇಳಿಕೆ ಕೊಡುವಂತೆ ಬಲವಂತ ಮಾಡಬಾರದು. ಬಲಪ್ರಯೋಗದಿಂದ, ಬೆದರಿಕೆಯಿಂದ, ದೀರ್ಘ ಬಂಧನದ ನಂತರ ಬಂದ ತಪ್ಪೊಪ್ಪಿಗೆ ಸಲ್ಲದು. ತಪ್ಪೊಪ್ಪಿಗೆಯೊಂದೇ ಸಾಕ್ಷ್ಯವಾಗಿದ್ದರೆ ಶಿಕ್ಷೆ ಕೊಡಬಾರದು. ನಮ್ಮ 20(3)ಕ್ಕಿಂತ ಇದು ವಿವರವಾಗಿದೆ. ಹಾಗಿದ್ದೂ ಹೀಗೇಕಾಯಿತು? ಮಕ್ಕಳು ಬೇರೆ ಬೇರೆ ಊಹೆ ಮಾಡಿದರು. ಉತ್ತರ ಇರುವುದು ಕಾಗದದಲ್ಲಲ್ಲ, ದಿನಗಳ ಲೆಕ್ಕದಲ್ಲಿ. ಜಪಾನಿನಲ್ಲಿ ಬಂಧನದಿಂದ ಆರೋಪಪಟ್ಟಿಯವರೆಗೆ ಒಂದು ಆರೋಪದ ಮೇಲೆ 23 ದಿನ ಹಿಡಿದಿಡಬಹುದು. ವಿಚಾರಣೆಯ ಕೋಣೆಯೊಳಗೆ ವಕೀಲರು ಕೂರುವ ಹಕ್ಕು ಇಲ್ಲ. ಒಪ್ಪಿಕೊಳ್ಳದವರಿಗೆ ಜಾಮೀನು ಸಿಗುವುದು ಕಷ್ಟ. ಮೊದಲ ದಿನದ ಬಸ್ಸಿನ ಚೀಟಿಯನ್ನು ಹಲಗೆಯ ಮೇಲೆ ತೋರಿಸಿದ್ದು ಈ ಹಂತದಲ್ಲಿ. ‘ಅವಳಿಗೆ ಒಂದು ಸಂಜೆ, ಇವರಿಗೆ ಇಪ್ಪತ್ತು ದಿನ’ ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಚೀಟಿ ಬರೆದದ್ದು ಹುಡುಗಿಯೆಂದು ಅವರೇ ತೀರ್ಮಾನಿಸಿಬಿಟ್ಟಿದ್ದರು!

ಜಪಾನಿನ ಪದ್ಧತಿಯನ್ನು ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಅಲ್ಲಿ ನ್ಯಾಯಾಲಯಕ್ಕೆ ಹೋದ ಪ್ರಕರಣಗಳಲ್ಲಿ ಶೇ 99ಕ್ಕೂ ಹೆಚ್ಚು ಶಿಕ್ಷೆಯಲ್ಲಿ ಮುಗಿಯುತ್ತವೆ ಎಂಬುದು ಪ್ರಸಿದ್ಧ. ಅದಕ್ಕೆ ಒಂದು ಕಾರಣ, ಗೆಲ್ಲುತ್ತೇವೆಂದು ಖಾತ್ರಿಯಿಲ್ಲದ ಪ್ರಕರಣವನ್ನು ಪ್ರಾಸಿಕ್ಯೂಟರರು ನ್ಯಾಯಾಲಯಕ್ಕೆ ಒಯ್ಯುವುದೇ ಇಲ್ಲ. ತಪ್ಪು ಒಪ್ಪಿಕೊಂಡು ಪಶ್ಚಾತ್ತಾಪಪಟ್ಟವರನ್ನು ಎಚ್ಚರಿಸಿ ಬಿಟ್ಟುಬಿಡುವುದೂ ಇದೆ. ಅಲ್ಲಿ ತಪ್ಪೊಪ್ಪಿಗೆ ಸಾಕ್ಷ್ಯ ಮಾತ್ರವಲ್ಲ, ಸಮಾಜಕ್ಕೆ ಮರಳುವ ಮೊದಲ ಹೆಜ್ಜೆ ಎಂಬ ಭಾವನೆಯಿದೆ. ಒಳ್ಳೆಯ ಭಾವನೆಯೇ. ತಪ್ಪು ಮಾಡದವನಿಗೆ ಆ ಹೆಜ್ಜೆ ಇಡಲು ದಾರಿಯಿಲ್ಲ ಎಂಬಲ್ಲಿ ತೊಡಕು.

ಈಗ ರಸಾಯನಶಾಸ್ತ್ರ. ಘಟನೆ ನಡೆದು ಒಂದು ವರ್ಷ ಎರಡು ತಿಂಗಳಾದ ಮೇಲೆ ಮಿಸೊ ತೊಟ್ಟಿಯಲ್ಲಿ ರಕ್ತದ ಕಲೆಯಿದ್ದ ಐದು ಬಟ್ಟೆಗಳು ಸಿಕ್ಕವು. ಮಿಸೊ ಎಂದರೆ ಉಪ್ಪು ಹಾಕಿ ಹುದುಗಿಸಿದ ಸೋಯಾ ಮುದ್ದೆ. ನಮ್ಮ ಮಕ್ಕಳಿಗೆ ಉಪ್ಪಿನಕಾಯಿ ಜಾಡಿ ಎಂದರೆ ಅರ್ಥವಾಗುತ್ತದೆ. ಕೊಲೆಯ ವೇಳೆ ಪೈಜಾಮ ಧರಿಸಿದ್ದೆನೆಂದು ತಪ್ಪೊಪ್ಪಿಗೆಯಲ್ಲಿತ್ತು. ಸಿಕ್ಕ ಬಟ್ಟೆಗಳು ಬೇರೆ. ಪ್ಯಾಂಟು ಹಕಮಾದ ಅವರಿಗೆ ಹಿಡಿಸುತ್ತಲೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕಲೆಗಳಲ್ಲಿ ಇನ್ನೂ ಕೆಂಪು ಉಳಿದಿತ್ತು.

‘ಮಂಡಿ ತರಚಿ ಅಂಗಿಗೆ ರಕ್ತ ತಾಗಿದರೆ ಮರುದಿನ ಯಾವ ಬಣ್ಣ?’ ಎಂದು ಕೇಳಿದೆ. ‘ಕಂದು’ ಎಂದು ಇಡೀ ತರಗತಿ ಹೇಳಿತು. ಹಿಮೊಗ್ಲೋಬಿನ್‌ನ ಕಬ್ಬಿಣ ಉತ್ಕರ್ಷಣೆಗೊಂಡಾಗ ಕೆಂಪು ಹೋಗಿ ಕಂದು ಬರುತ್ತದೆ. ಉಪ್ಪೂ ಆಮ್ಲೀಯತೆಯೂ ಇರುವ ಮಿಸೊದಲ್ಲಿ ಅದು ಇನ್ನಷ್ಟು ಖಚಿತ. ಹಾಗಾದರೆ ವರ್ಷದ ಮೇಲೆ ಕೆಂಪಾಗಿ ಸಿಕ್ಕ ಕಲೆ ಏನು ಹೇಳುತ್ತದೆ? ಉತ್ತರ ಮಕ್ಕಳಿಂದಲೇ ಬಂತು: ಬಟ್ಟೆಯನ್ನು ಆಮೇಲೆ ಯಾರೋ ಹಾಕಿದ್ದಾರೆ. ಜಪಾನಿನ ನ್ಯಾಯಾಲಯಗಳಿಗೆ ಈ ವಾದವನ್ನು ಒಪ್ಪಲು ದಶಕಗಳೇ ಬೇಕಾದವು. 2014ರಲ್ಲಿ ಮರುವಿಚಾರಣೆಗೆ ಆದೇಶವಾಗಿ ಹಕಮಾದ ಹೊರಬಂದರು. 2024ರ ಸೆಪ್ಟೆಂಬರ್ 26ರಂದು ಶಿಜುವೊಕಾ ಜಿಲ್ಲಾ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಘೋಷಿಸಿತು. ಬಟ್ಟೆಗಳಷ್ಟೇ ಅಲ್ಲ, ಅಂದು ಒಪ್ಪಿಕೊಂಡಿದ್ದ ಆ ಒಂದು ಹೇಳಿಕೆಯೂ ಸೃಷ್ಟಿಸಿದ ಸಾಕ್ಷ್ಯವೇ ಎಂದಿತು. ಅಷ್ಟರಲ್ಲಿ ಅವರಿಗೆ 88 ವರ್ಷ. ಪ್ರತಿದಿನವೂ ಇಂದೇ ಗಲ್ಲೇನೋ ಎಂದು ಕಾದ ದಶಕಗಳು ಅವರ ಮನಸ್ಸನ್ನು ಹಾಳುಮಾಡಿದ್ದವು. ಕೊನೆಯವರೆಗೂ ಹೋರಾಡಿದವರು ಅಕ್ಕ ಹಿದೆಕೊ.

ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು. ಪ್ರಶ್ನೆ ಕೇಳಲು ಅವಸರ ಮಾಡಲಿಲ್ಲ. ‘ಒಪ್ಪಿಕೊಂಡವನನ್ನು ತಕ್ಷಣ ನೇಣಿಗೆ ಹಾಕಬೇಕು’ ಎಂದು ಮೊದಲ ದಿನ ಹೇಳಿದ್ದ ಹುಡುಗನೇ ‘ಹಾಕಿದ್ದರೆ?’ ಎಂದ. ಪ್ರಕರಣವನ್ನು ಪಟ್ಟಿಯ ಒಂದು ಸಾಲಿಗೆ ಇಳಿಸಿದ್ದರೆ ಈ ‘ಹಾಕಿದ್ದರೆ’ ಬರುತ್ತಿರಲಿಲ್ಲ.

ಮೂರನೆಯ ಅವಧಿ: ಇಸ್ಪೀಟು, ಟೇಪು, ಕ್ಯಾಮೆರಾ

1974ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಎರಡು ಪಬ್‌ಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಆರು ಮಂದಿ ಐರಿಶ್ ಮೂಲದವರಿಗೆ 1975ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ನಾಲ್ವರು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದರು. ಜೊತೆಗೆ ಕೆಲವರ ಕೈಯಲ್ಲಿ ಸ್ಫೋಟಕ ನೈಟ್ರೋಗ್ಲಿಸರಿನ್‌ನ ಕುರುಹಿದೆಯೆಂದು ಗ್ರೀಸ್ ಪರೀಕ್ಷೆ ತೋರಿಸಿತ್ತು. ಆದರೆ ಅವರಲ್ಲಿ ಹೆಚ್ಚಿನವರು ಆ ಸಂಜೆ ರೈಲಿನಲ್ಲಿ ಇಸ್ಪೀಟು ಆಡುತ್ತಿದ್ದರು. ಇಸ್ಪೀಟು ಎಲೆಗಳ ಹೊಳಪಿನ ಲೇಪದಲ್ಲಿದ್ದ ನೈಟ್ರೋಸೆಲ್ಯುಲೋಸ್‌ಗೂ ಆ ಪರೀಕ್ಷೆ ಅದೇ ಬಣ್ಣ ಕೊಡುತ್ತದೆ. ಕೈಯಲ್ಲಿ ಹಿಡಿದು ತೋರಿಸಿದ ಇಸ್ಪೀಟು ಕಟ್ಟಿನಿಂದ ‘ಮಿಥ್ಯಾ ಧನಾತ್ಮಕ ಫಲಿತಾಂಶ’ ಎಂಬ ಪರಿಕಲ್ಪನೆ ಬೇರೆ ವಿವರಣೆಯಿಲ್ಲದೆ ಅರ್ಥವಾಯಿತು. ಶಾಲೆಗೆ ಇಸ್ಪೀಟು ತರಲು ಮುಖ್ಯಶಿಕ್ಷಕರ ಅನುಮತಿ ಮೊದಲೇ ಪಡೆದಿದ್ದೆ, ನೀವೂ ಪಡೆಯಿರಿ. ಪೊಲೀಸರ ಟಿಪ್ಪಣಿಗಳೂ ಅವರು ಹೇಳಿದ ಕ್ರಮದಲ್ಲಿ ಬರೆದವಲ್ಲವೆಂದು ಕಾಗದದ ಮೇಲಿನ ಒತ್ತುಗುರುತುಗಳ ಪರೀಕ್ಷೆಯಿಂದ ಗೊತ್ತಾಯಿತು. 1991ರ ಮಾರ್ಚ್ 14ರಂದು ಆರೂ ಜನ ಬಿಡುಗಡೆಯಾದರು.

ಅಷ್ಟರೊಳಗೆ ಇಂಗ್ಲೆಂಡು ಬದಲಾಗಿತ್ತು. 1972ರ ಇನ್ನೊಂದು ಕೊಲೆ ಪ್ರಕರಣದಲ್ಲಿ ಮೂವರು ಹುಡುಗರ ಸುಳ್ಳು ತಪ್ಪೊಪ್ಪಿಗೆ ಬಯಲಾದ ಮೇಲೆ ನಡೆದ ವಿಚಾರಣೆಗಳ ಫಲವಾಗಿ 1984ರಲ್ಲಿ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಬಂತು. ವಿಚಾರಣೆಯ ಧ್ವನಿಮುದ್ರಣ, ಠಾಣೆಯಲ್ಲೇ ಉಚಿತ ವಕೀಲರ ನೆರವು, ಸಾಮಾನ್ಯವಾಗಿ 24 ಗಂಟೆಗಳ ಮಿತಿ. ಭಾರತದ ಹಾಗೆ ಠಾಣೆಯ ಮಾತನ್ನು ಪೂರ್ತಿ ಹೊರಗಿಡಲಿಲ್ಲ, ಅದನ್ನು ಎಲ್ಲರಿಗೂ ಕೇಳಿಸುವಂತೆ ಮಾಡಿದರು.

ಅಮೆರಿಕವನ್ನು ಬೇಗ ಮುಗಿಸಿದೆ, ಸಿನಿಮಾಗಳಿಂದ ಮಕ್ಕಳಿಗೆ ಅದು ಅರ್ಧ ಗೊತ್ತು. ಹಕಮಾದ ಬಂಧನಕ್ಕೆ ಎರಡು ತಿಂಗಳ ಮೊದಲು, 1966ರ ಜೂನ್‌ನಲ್ಲಿ, ಮಿರಾಂಡಾ ತೀರ್ಪು ಬಂದಿತ್ತು: ಸುಮ್ಮನಿರುವ ಹಕ್ಕನ್ನೂ ವಕೀಲರ ಹಕ್ಕನ್ನೂ ಮೊದಲೇ ತಿಳಿಸಬೇಕು. ಆದರೆ ‘ನಿನ್ನ ಗೆಳೆಯ ಎಲ್ಲ ಹೇಳಿಬಿಟ್ಟಿದ್ದಾನೆ’ ಎಂದು ಪೊಲೀಸರು ಸುಳ್ಳು ಹೇಳಿ ಬಾಯಿ ಬಿಡಿಸುವುದನ್ನು ಅಲ್ಲಿನ ಕಾನೂನು ಬಹುಮಟ್ಟಿಗೆ ಸಹಿಸುತ್ತದೆ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪ್ರಕರಣದಲ್ಲಿ 14ರಿಂದ 16 ವರ್ಷದ ಐವರು ಹುಡುಗರು ಸಿಕ್ಕಿಬಿದ್ದರು. ನಾಲ್ವರ ತಪ್ಪೊಪ್ಪಿಗೆಯ ವಿಡಿಯೊ ಇತ್ತು, ಅದಕ್ಕೆ ಮುಂಚಿನ ಗಂಟೆಗಳ ವಿಡಿಯೊ ಇರಲಿಲ್ಲ. ಡಿಎನ್‌ಎ ಯಾರಿಗೂ ಹೊಂದಲಿಲ್ಲ. 2002ರಲ್ಲಿ ಬೇರೊಬ್ಬ ಒಪ್ಪಿಕೊಂಡ, ಅವನ ಡಿಎನ್‌ಎ ಹೊಂದಿತು, ಐವರ ಶಿಕ್ಷೆ ರದ್ದಾಯಿತು. ಕ್ಯಾಮೆರಾ ಇದ್ದರೆ ಸಾಲದು, ಯಾವಾಗ ಚಾಲೂ ಮಾಡಿದರು ಎಂಬುದು ಮುಖ್ಯ. ಜಪಾನಿನಲ್ಲಿಯೂ 2019ರಿಂದ ಗಂಭೀರ ಪ್ರಕರಣಗಳಲ್ಲಿ ವಿಚಾರಣೆಯನ್ನು ಪೂರ್ತಿ ಚಿತ್ರೀಕರಿಸುವುದು ಕಡ್ಡಾಯ, ಆದರೆ ಅಂಥವು ಒಟ್ಟು ಪ್ರಕರಣಗಳಲ್ಲಿ ಕೆಲವೇ. ನಮ್ಮಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಹಾಕಲು ಆದೇಶಿಸಿದೆ.

ಸೂಕ್ಷ್ಮವಾದ ಒಂದು ಘಟ್ಟ

‘ನಮ್ಮಪ್ಪ ಕಾನ್‌ಸ್ಟೇಬಲ್. ಅವರು ಯಾರಿಗೂ ಹೊಡೆದಿಲ್ಲ’ ಎಂದು ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಧ್ವನಿಯಲ್ಲಿ ನೋವಿತ್ತು. ಇಂಥ ಪಾಠ ಮಾಡುವವರು ಈ ಮಾತಿಗೆ ಸಿದ್ಧರಾಗಿ ಹೋಗಬೇಕು, ನಾನು ಇಂಗ್ಲೆಂಡಿನ ಉದಾಹರಣೆಯನ್ನು ಅದಕ್ಕೆಂದೇ ಕೊನೆಯ ಅವಧಿಗೆ ಇಟ್ಟಿದ್ದೆ. ಅಲ್ಲಿ ಧ್ವನಿಮುದ್ರಣವನ್ನು ಮೊದಲು ವಿರೋಧಿಸಿದವರು ಪೊಲೀಸರೇ. ನಂತರ ಅದನ್ನು ಮೆಚ್ಚಿಕೊಂಡವರೂ ಅವರೇ, ಏಕೆಂದರೆ ‘ನನ್ನನ್ನು ಹೊಡೆದು ಬರೆಸಿಕೊಂಡರು’ ಎಂಬ ಸುಳ್ಳು ದೂರಿಗೆ ಟೇಪು ಉತ್ತರ ಕೊಡುತ್ತಿತ್ತು. ‘ಹಾಗಾದರೆ ನಮ್ಮಪ್ಪನಿಗೂ ಒಳ್ಳೇದೇ’ ಎಂದು ಅವಳು ಕುಳಿತಳು. ಅದೇ ತರಗತಿಯಲ್ಲಿ ಮನೆಯವರು ಠಾಣೆಯ ಇನ್ನೊಂದು ಬದಿಯಲ್ಲಿ ಕುಳಿತಿರುವ ಮಕ್ಕಳೂ ಇರಬಹುದು. ನಮ್ಮ ಜೈಲುಗಳಲ್ಲಿ ಸುಮಾರು ಮುಕ್ಕಾಲು ಭಾಗ ಜನ ತೀರ್ಪಿಗೆ ಕಾಯುತ್ತಿರುವ ವಿಚಾರಣಾಧೀನ ಕೈದಿಗಳು. ಆದ್ದರಿಂದ ಊರಿನ ಪ್ರಕರಣಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಾರದು, ‘ನಿಮ್ಮ ಮನೆಯಲ್ಲಿ ಯಾರಿಗಾದರೂ’ ಎಂಬ ಪ್ರಶ್ನೆಯನ್ನು ಕೇಳಲೇಬಾರದು.

ಮೌಲ್ಯಮಾಪನ

ಕಲಂಗಳ ಸಂಖ್ಯೆಯನ್ನು ಪರೀಕ್ಷಿಸಲಿಲ್ಲ. ಕೊಟ್ಟ ಪ್ರಶ್ನೆ ಒಂದೇ: ‘ಮಾಡದ ಕಳವಿನ ಆರೋಪದಲ್ಲಿ ನೀವು ಸಿಕ್ಕಿಬಿದ್ದಿದ್ದೀರಿ. ನಾಲ್ಕು ದೇಶಗಳಲ್ಲಿ ಯಾವ ದೇಶದ ನಿಯಮ ನಿಮಗೆ ಬೇಕು? ನಿಮ್ಮ ಮನೆಯಲ್ಲೇ ಕಳವಾಗಿ, ಸಿಕ್ಕಿಬಿದ್ದವನು ಒಪ್ಪಿಕೊಂಡಿದ್ದರೆ ಯಾವ ದೇಶದ್ದು ಬೇಕು?’ ಮೊದಲ ಭಾಗಕ್ಕೆ ಭಾರತ ಅಥವಾ ಇಂಗ್ಲೆಂಡ್ ಎಂದವರೇ ಹೆಚ್ಚು. ಎರಡನೆಯ ಭಾಗಕ್ಕೆ ಹಲವರು ಜಪಾನ್ ಎಂದರು. ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿಸಿದಾಗ ಚರ್ಚೆ ಗಂಟೆ ಬಾರಿಸಿದ ಮೇಲೂ ನಡೆಯಿತು. ಎರಡಕ್ಕೂ ಒಂದೇ ದೇಶ ಬರೆದವರನ್ನು ಮೊದಲು ಮಾತಾಡಿಸಿದರೆ ಚರ್ಚೆ ಬೇಗ ಮುಗಿದುಹೋಗುತ್ತದೆ, ಅವರನ್ನು ಕೊನೆಗೆ ಕರೆಯಿರಿ. ಅಂಕ ಕೊಡುವಾಗ ಆರಿಸಿದ ದೇಶವನ್ನು ಲೆಕ್ಕಿಸದೆ, ಕಾರಣದಲ್ಲಿ ದಿನಗಳ ಮಿತಿ, ವಕೀಲರ ಹಾಜರಿ, ಮುದ್ರಣ, ಬೇರೆ ಸಾಕ್ಷ್ಯ ಇವುಗಳಲ್ಲಿ ಎರಡನ್ನಾದರೂ ಬಳಸಿದ್ದಾರೆಯೇ ಎಂದು ನೋಡಿದೆ. ಚರ್ಚೆಗೆ ನಾಲ್ಕನೆಯ ಅವಧಿ ಸಿಗುವಂತಿದ್ದರೆ ವೇಳಾಪಟ್ಟಿಯಲ್ಲಿ ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.